ಐದು ಗಂಟೆಗೆ ಮಗು ಯಾರ ಕೈಲಿ

ಬಸ್ ಡಿಪೋದ ಹಿಂದಿನ ಬೀದಿಯಲ್ಲಿ ಒಂದು ಸಮುದಾಯ ಭವನವಿತ್ತು. ಅದರ ಬೀಗದ ಕೈಗಳೆಲ್ಲ ಒಬ್ಬ ಹೆಂಗಸಿನ ಬಲ ಸೊಂಟದಲ್ಲಿ ತೂಗುತ್ತಿದ್ದವು: ಮುಂಬಾಗಿಲಿನದು, ಕುರ್ಚಿಗಳನ್ನಿಡುವ ಕೋಣೆಯದು, ಚಹಾ ಕಾಯಿಸುವ ಮೂಲೆಯ ಕಪಾಟಿನದು, ಶೌಚಾಲಯದ್ದು. ಹಾಗಾಗಿ ಅವಳು ಎಲ್ಲರಿಗೂ ಕೀಲಿಕೈ ಅಕ್ಕ. ನಡೆಯುವಾಗ ಅವಳ ಎಡ ಸೊಂಟ ಗೋಡೆಗೆ ಬಡಿದ ಹಲಗೆಯ ಹಾಗೆ ಒಂದು ಬದಿಗೆ ಚಾಚಿಕೊಳ್ಳುತ್ತಿತ್ತು. ಗೊಂಚಲಿನ ಭಾರ ಸರಿದೂಗಿಸಲು ಹಾಗೆ ನಡೆಯುತ್ತಾಳೆಂದು ಅಲ್ಲಿಗೆ ಬರುವ ಹುಡುಗರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಆದರೆ ಆ ಸೊಂಟದ ಕಥೆ ಗೊಂಚಲಿಗಿಂತ ಹಳೆಯದು. ತಾಯಿ ಬಟ್ಟೆ ಒಗೆಯುವ ಕಾರ್ಖಾನೆಗೆ ಹೋಗತೊಡಗಿದಾಗ ಇವಳನ್ನು ಶಾಲೆ ಬಿಡಿಸಿದರು. ಎಡ ಸೊಂಟದ ಮೇಲೆ ತಮ್ಮನನ್ನು ಕೂರಿಸಿದರು. ಎರಡು ವರ್ಷ ತುಂಬಿದರೂ ನಡೆಯಲೊಲ್ಲದ, ಕೆಳಗಿಳಿಸಿದರೆ ಬೀದಿಗೆಲ್ಲ ಕೇಳುವಂತೆ ಅಳುವ ಮಗು ಅದು.

ಆ ಮಗು ಬೆಳೆದು, ಓದಿ, ವಕೀಲನಾಗಿ, ಈಗ ಭವನದ ಅಧ್ಯಕ್ಷನಾಗಿತ್ತು. ಯಾವ ಸಭೆಯಲ್ಲಿ ನಿಂತರೂ ತಾನು ಯಾರ ಹಂಗೂ ಇಲ್ಲದೆ ಸ್ವಂತ ಕಾಲ ಮೇಲೆ ನಿಂತವನು ಎಂದು ಹೇಳುತ್ತಿತ್ತು. ಹಿಂದಿನ ಸಾಲಿನಲ್ಲಿ ಕುರ್ಚಿ ಜೋಡಿಸುತ್ತಿದ್ದ ಅಕ್ಕ ತಲೆ ಎತ್ತಿ ಒಮ್ಮೆ ಆ ಕಾಲುಗಳ ಕಡೆ ನೋಡಿ ಮತ್ತೆ ತನ್ನ ಕೆಲಸಕ್ಕೆ ತೊಡಗುತ್ತಿದ್ದಳು.

ಅವಳಿಗೆ ಕೆಲಸ ಕೊಡಿಸಿದವನೂ ಅವನೇ. ಇಬ್ಬರು ಮಕ್ಕಳನ್ನು ಸಾಕಿ ಬೇರೆ ಊರುಗಳಿಗೆ ಕಳಿಸಿ, ಹಾಸಿಗೆ ಹಿಡಿದಿದ್ದ ಅತ್ತೆಯನ್ನು ಕೊನೆಯ ಉಸಿರಿನವರೆಗೆ ತೊಳೆದು ಬಳಿದು ಮುಗಿಸಿದ ವರ್ಷ, ಅಕ್ಕನಿಗೂ ಮನೆಯಲ್ಲಿ ಸುಮ್ಮನೆ ಕೂತು ಬೇಜಾರು ಎಂದು ಅವನು ಕಮಿಟಿಗೆ ಹೇಳಿದನಂತೆ. ಸುಮ್ಮನೆ ಕೂತು! ಆ ಮನೆಯಲ್ಲಿ ಸುಮ್ಮನೆ ಕೂತದ್ದು ಯಾವುದಾದರೂ ಇದ್ದರೆ ಅವಳ ಗಂಡನ ಆರಾಮ ಕುರ್ಚಿ. ಅದರಲ್ಲೂ ಯಾವಾಗಲೂ ಗಂಡ ಇರುತ್ತಿದ್ದ.

ಭವನದಲ್ಲಿ ನಡೆಯುತ್ತಿದ್ದದ್ದು ಹೊರದೇಶಗಳಿಂದ ಬಂದು ನೆಲೆಸಿದ ಕುಟುಂಬಗಳ ಹರೆಯದವರಿಗಾಗಿ ಇರುವ ಯೋಜನೆ. ವಾರಕ್ಕೆರಡು ಸಂಜೆ, ಐದರಿಂದ ಏಳು. ಊರಿನ ಹುಡುಗ ಹುಡುಗಿಯರೂ ಬರುತ್ತಾರೆ, ವೃತ್ತಾಕಾರ ಕೂತು ಇಲ್ಲಿನ ಭಾಷೆಯಲ್ಲಿ ಹರಟುತ್ತಾರೆ, ಟೇಬಲ್ ಟೆನಿಸ್ ಆಡುತ್ತಾರೆ, ಕೆಲಸದ ಸಂದರ್ಶನಕ್ಕೆ ಹೇಗೆ ಮಾತಾಡಬೇಕೆಂದು ಕಲಿಯುತ್ತಾರೆ. ಯೋಜನೆಯ ಹೆಸರಿನಲ್ಲಿ ಸಾಮಾಜಿಕ ಒಳಗೊಳ್ಳುವಿಕೆ ಎಂಬ ಮಾತಿತ್ತು. ಅಷ್ಟುದ್ದ ಹೇಳಲು ಯಾರಿಗೂ ಪುರಸೊತ್ತಿಲ್ಲದೆ ಎಲ್ಲರೂ ಐದು ಗಂಟೆ ಅನ್ನುತ್ತಿದ್ದರು. ಐದು ಗಂಟೆಗೆ ಬರ್ತೀಯಾ ಅಂದರೆ ಸಾಕು, ಅರ್ಥವಾಗುತ್ತಿತ್ತು.

ತೊಂದರೆ ಇದ್ದದ್ದು ಒಂದೇ. ಹುಡುಗರು ತುಂಬಿ ತುಳುಕುತ್ತಿದ್ದರು. ಊರಿನ ಹುಡುಗಿಯರೂ ಬರುತ್ತಿದ್ದರು. ಹೊರಗಿನಿಂದ ಬಂದ ಮನೆಗಳ ಹುಡುಗಿಯರು ಮಾತ್ರ ಬರುತ್ತಿರಲಿಲ್ಲ. ಪ್ರತಿ ಸಭೆಯಲ್ಲೂ ಕಮಿಟಿಯ ಗಂಡಸರು ಗಲ್ಲಕ್ಕೆ ಕೈ ಕೊಟ್ಟು ಇದನ್ನು ಚರ್ಚಿಸುತ್ತಿದ್ದರು. ಅವರಿಗೆ ನಾಚಿಕೆ ಎಂದು ಒಬ್ಬರು, ಆಸಕ್ತಿ ಇಲ್ಲ ಎಂದು ಇನ್ನೊಬ್ಬರು, ಅದು ಅವರ ಸಂಸ್ಕೃತಿ ಎಂದು ಅಧ್ಯಕ್ಷರು. ಗುಲಾಬಿ ಬಣ್ಣದ ಪೋಸ್ಟರ್ ಅಂಟಿಸಿದರು. ಮಣಿಸರ ಪೋಣಿಸುವ ತರಗತಿ ಇಟ್ಟರು. ಪ್ರಾಧ್ಯಾಪಕರೊಬ್ಬರನ್ನು ಕರೆಸಿ ವಲಸೆ ಬಂದ ಯುವತಿಯರ ಮನೋಲೋಕದ ಬಗ್ಗೆ ಭಾಷಣ ಮಾಡಿಸಿದರು. ಕೇಳಲು ಒಬ್ಬ ಯುವತಿಯೂ ಬರಲಿಲ್ಲ. ನೀನು ಯಾಕೆ ಬರಲ್ಲಮ್ಮ ಎಂದು ಒಬ್ಬ ಹುಡುಗಿಯನ್ನು ಕೇಳಿ ನೋಡೋಣ ಎಂದು ಅಷ್ಟು ದೊಡ್ಡ ತಲೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ.

ಕೀಲಿಕೈ ಅಕ್ಕ ಕೇಳಿದಳು. ಅದಕ್ಕೆ ಅವಳು ದೂರವೇನೂ ಹೋಗಬೇಕಾಗಲಿಲ್ಲ. ಭವನಕ್ಕೆ ಬರುವ ದಾರಿಯಲ್ಲಿ, ಡಿಪೋದ ತಂತಿ ಬೇಲಿಯ ಪಕ್ಕ, ದಿನವೂ ಸಂಜೆ ಒಬ್ಬ ಹುಡುಗಿ ನಿಂತಿರುತ್ತಿದ್ದಳು. ಸೊಂಟದ ಮೇಲೆ ಮಗು, ಮೊಣಕೈಗೆ ತರಕಾರಿ ಚೀಲ. ಹಿಮ್ಮುಖವಾಗಿ ಶೆಡ್ಡಿಗೆ ಹೋಗುವ ಬಸ್ಸುಗಳನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅವಳ ಎಡ ಸೊಂಟ ಹಲಗೆಯ ಹಾಗೆ ಚಾಚಿತ್ತು. ಅಕ್ಕನಿಗೆ ತನ್ನ ಹಳೆಯ ಫೋಟೋ ಎದುರಿಗೆ ಬಂದು ನಿಂತಂತಾಯಿತು.

ಮಗುವಿಗೆ ಬಸ್ಸು ಅಂದರೆ ಇಷ್ಟವೇನೋ ಎಂದು ಮಾತಿಗೆಳೆದಳು. ಹುಡುಗಿ ತಡವರಿಸುತ್ತ ಹೇಳಿದಳು:

"ಇವನಿಗಲ್ಲ. ನನಗೆ. ನಾನು ಡ್ರೈವರ್ ಆಗ್ತೀನಿ."

ಆಮೇಲೆ ಮಾತು ಮುಂದುವರಿಯಲು ಕಷ್ಟವಾಯಿತು. ಅವಳಿಗೆ ಬರುತ್ತಿದ್ದ ಇಲ್ಲಿನ ಭಾಷೆಯೆಲ್ಲ ಉದ್ಯಾನದ ಬೆಂಚಿನ ಮೇಲೆ, ಬೇರೆ ಮಕ್ಕಳ ತಾಯಂದಿರಿಂದ ಕೇಳಿ ಕಲಿತದ್ದು. ಬಾ, ಬೇಡ, ಬೀಳ್ತೀಯ, ಮೂಗು ಒರೆಸ್ಕೋ, ಬಾಯಿಗೆ ಹಾಕ್ಬೇಡ. ತುಂಡು ಮಾತು, ಕೈಸನ್ನೆಗಳಲ್ಲಿ ಅವಳು ತಿಳಿಸಿದ್ದು ಇಷ್ಟು: ಡಿಪೋದಲ್ಲಿ ಹೆಂಗಸರಿಗೂ ಡ್ರೈವಿಂಗ್ ತರಬೇತಿ ಕೊಡುತ್ತಾರೆ. ಆದರೆ ಸೇರುವ ಮೊದಲು ಇಲ್ಲಿನ ಭಾಷೆಯಲ್ಲಿ ಮಾತಿನ ಪರೀಕ್ಷೆ, ಅದೂ ವರ್ಷಕ್ಕೆ ಒಂದೇ ಸಲ. ಪ್ರಯಾಣಿಕರೊಂದಿಗೆ ಹೇಗೆ ಮಾತಾಡುವೆ, ಬಸ್ಸು ಕೆಟ್ಟರೆ ಏನು ಹೇಳುವೆ ಎಂದು ಕೇಳುತ್ತಾರೆ. ಬೀಳ್ತೀಯ, ಮೂಗು ಒರೆಸ್ಕೋ ಎಂದು ಅವರಿಗೆ ಹೇಳಲಾಗುವುದಿಲ್ಲ. ಅದನ್ನು ಹೇಳಿ ಅವಳೇ ನಕ್ಕಳು. ಹಾಗಾದರೆ ಐದು ಗಂಟೆಗೆ ಬಾ ಎಂದಳು ಅಕ್ಕ. ಹುಡುಗಿ ಮಗುವನ್ನು ಮೇಲೆತ್ತಿ ಸರಿಪಡಿಸಿಕೊಂಡಳು.

"ಅಮ್ಮ ನಾಲ್ಕೂವರೆಗೆ ಹೋಗ್ತಾಳೆ. ಆಫೀಸು ಗುಡಿಸ್ತಾಳೆ. ಐದು ಗಂಟೆಗೆ ಇವನು ಯಾರ ಕೈಲಿ?"

"ಮನೇಲಿ ಇನ್ನು ಯಾರೂ ಇಲ್ವಾ?"

"ತಮ್ಮ ಇದ್ದಾನೆ. ದೊಡ್ಡವನು. ಅವನು ಐದು ಗಂಟೆಗೆ ಬರ್ತಾನೆ. ನಿಮ್ಮ ಹತ್ರ."

ಆ ದೊಡ್ಡ ತಮ್ಮ ಯಾರೆಂದು ಕೇಳಿದರೆ, ಭವನದಲ್ಲೆಲ್ಲ ಹೀರೋ ಅನ್ನಿಸಿಕೊಂಡವನು! ಯೋಜನೆಯ ಕಣ್ಮಣಿ. ಮೂರು ಬಗೆಯ ಉಚ್ಚಾರದಲ್ಲಿ ಇಲ್ಲಿನ ಭಾಷೆಯನ್ನು ಅಣಕಿಸಿ ಎಲ್ಲರನ್ನೂ ನಗಿಸುವ, ಟೇಬಲ್ ಟೆನಿಸ್ಸಿನಲ್ಲಿ ಊರ ಹುಡುಗರನ್ನು ಮಣ್ಣು ಮುಕ್ಕಿಸುವ, ಬಾಗಿಲ ಪೋಸ್ಟರಿನಲ್ಲಿ ಹಲ್ಲು ಕಿರಿಯುವ ಹುಡುಗ. ಎಷ್ಟು ಬೇಗ ಹೊಂದಿಕೊಂಡ ನೋಡಿ ಎಂದು ಅಧ್ಯಕ್ಷರು ಬಂದವರಿಗೆಲ್ಲ ಅವನನ್ನು ತೋರಿಸುತ್ತಿದ್ದರು. ಅವನು ಹೊಂದಿಕೊಂಡದ್ದು ಯಾರ ಸೊಂಟದ ಮೇಲೆ ಕಾಲಿಟ್ಟು ಎಂದು ಪೋಸ್ಟರಿನಲ್ಲಿ ಕಾಣುತ್ತಿರಲಿಲ್ಲ. ಅಕ್ಕ ಉಳಿದ ಹುಡುಗರ ಮನೆಗಳಿಗೂ ಹೋಗಿ ಬಂದಳು. ಹೆಚ್ಚಿನ ಮನೆಗಳಲ್ಲಿ ಬಾಗಿಲು ತೆರೆದವಳು ಒಬ್ಬ ಹುಡುಗಿ, ಹಿಂದೆ ಒಲೆ, ಕಾಲಿಗೆ ಜೋತುಬಿದ್ದ ಮಗು.

ಮುಂದಿನ ಸಭೆಯಲ್ಲಿ ಅವಳು ಕಂಡದ್ದನ್ನು ಹೇಳಿದಳು. ಕುರ್ಚಿ ಕೋಣೆಯನ್ನು ಖಾಲಿ ಮಾಡಿ ಒಂದು ಚಾಪೆ ಹಾಸಿದರೆ ಮಕ್ಕಳನ್ನು ಅಲ್ಲಿ ಆಡಿಸಬಹುದು, ಹುಡುಗಿಯರು ಬರುತ್ತಾರೆ ಎಂದಳು. ಕಮಿಟಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದು ಯುವಜನರ ಯೋಜನೆ, ಶಿಶುವಿಹಾರವಲ್ಲ ಎಂದರು. ಮಕ್ಕಳು ಬಂದರೆ ನೆಲ ಕೊಳೆಯಾಗುತ್ತದೆ ಎಂದು ಖಜಾಂಚಿ ಚಿಂತಿಸಿದರು. ಆ ನೆಲ ಒರೆಸುವವಳು ಅಲ್ಲೇ ನಿಂತಿದ್ದಳು. ಅವಳಿಗಿಲ್ಲದ ಚಿಂತೆ ಜನ್ಮದಲ್ಲಿ ಪೊರಕೆ ಮುಟ್ಟದವರಿಗೆ! ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಗಂಡ. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳಲು. ಇಷ್ಟು ವರ್ಷ ಅದು ಅದೇ ಜಾಗದಲ್ಲಿತ್ತು.

ಮನೆಗೆ ಹೋದಾಗ ಅವನು ಹೆಮ್ಮೆಯಿಂದ, ನಿನಗೆ ಸಹಾಯವಾಗಲಿ ಅಂತ ಪಾತ್ರೆ ತೊಳೆದಿದ್ದೇನೆ ಅಂದ. ಸಿಂಕಿನಲ್ಲಿ ಎಲ್ಲ ಪಾತ್ರೆಗಳೂ ಇದ್ದವು. ತೊಳೆದು ಇಟ್ಟದ್ದು ಅವನು ಉಂಡ ತಟ್ಟೆ ಒಂದೇ. ಕೆಟ್ಟವನಲ್ಲ. ಕುಡಿಯುವುದಿಲ್ಲ, ಬೈಯುವುದಿಲ್ಲ. ತಾನು ಉಂಡ ತಟ್ಟೆ ತೊಳೆಯುವುದು ಹೆಂಡತಿಗೆ ಮಾಡುವ ಉಪಕಾರ ಎಂದು ನಂಬಿದವನು, ಅಷ್ಟೇ. ಅಕ್ಕ ತೋಳು ಮಡಚಿ ಸಿಂಕಿನ ಮುಂದೆ ನಿಂತಳು. ಬಾಣಲೆ ಉಜ್ಜುವಾಗ ಅವಳಿಗೆ ದಾರಿ ಕಂಡಿತು. ನೆಲ ಕಮಿಟಿಯದ್ದು, ಪೋಸ್ಟರು ಕಮಿಟಿಯದ್ದು, ಭಾಷಣ ಕಮಿಟಿಯದ್ದು. ಬೀಗದ ಕೈ ಮಾತ್ರ ಅವಳದ್ದು.

ಮುಂದಿನ ವಾರ ಐದು ಗಂಟೆಗೆ ಅವಳು ಬಾಗಿಲಿಗೆ ಅಡ್ಡ ನಿಂತಳು. ಮನೆಯಲ್ಲಿ ಪುಟ್ಟ ಮಕ್ಕಳಿರುವ ಹುಡುಗರು ಆ ಮಕ್ಕಳನ್ನು ಕರೆತಂದರೆ ಒಳಗೆ, ಇಲ್ಲವಾದರೆ ಬಾಗಿಲು ತೆರೆಯುವುದಿಲ್ಲ. ಕುರ್ಚಿ ಕೋಣೆಯಲ್ಲಿ ಚಾಪೆ ಹಾಸಿದೆ, ಸರದಿಯ ಮೇಲೆ ನೀವೇ ಆಡಿಸಬೇಕು. ಹುಡುಗರು ಮೊದಲು ತಮಾಷೆ ಅಂದುಕೊಂಡರು. ಆಮೇಲೆ ಗೊಣಗಿದರು. ಆಮೇಲೆ ಹೀರೋ ಅವಳ ಧ್ವನಿಯನ್ನೇ ಅಣಕಿಸಿ ಎಲ್ಲರನ್ನೂ ನಗಿಸಿದ. ಅಕ್ಕ ತಾನೂ ನಕ್ಕು ಬೀಗ ಹಾಕಿದಳು. ಆ ಸಂಜೆ ಮೊದಲೇ ಒಳಗೆ ಬಿಟ್ಟಿದ್ದ ಊರಿನ ಮಕ್ಕಳು ನಾಲ್ಕು ಜನ ಟೇಬಲ್ ಟೆನಿಸ್ ಆಡಿದರು, ಅಷ್ಟೇ.

ಆದರೆ ಟೇಬಲ್ ಟೆನಿಸ್ಸಿನ ಚಟ ದೊಡ್ಡದು. ಒಬ್ಬ ತಂಗಿಯನ್ನು ಹೆಗಲ ಮೇಲೆ ಹೊತ್ತು ತಂದ. ಇನ್ನೊಬ್ಬ ಅವಳಿ ತಮ್ಮಂದಿರನ್ನು ಎಳೆದು ತಂದ. ಕೊನೆಗೆ ಹೀರೋ ಕೂಡ ಮಗುವನ್ನು ಹಾಲಿನ ಕ್ಯಾನಿನಂತೆ ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದ. ಅವನ ಹಿಂದೆ, ಕೈ ಎಲ್ಲಿಡಬೇಕೆಂದು ಗೊತ್ತಾಗದೆ, ಬರಿಗೈಯಲ್ಲಿ ಡ್ರೈವರ್ ಹುಡುಗಿ ಬಂದಳು.

ಅವಳು ಕಲಿತ ಬಗೆಯನ್ನು ಏನೆಂದು ಹೇಳುವುದು! ಕುರ್ಚಿಗಳನ್ನು ಎರಡು ಸಾಲು ಜೋಡಿಸಿ ಬಸ್ಸು ಮಾಡಿದರು. ಮುಂದಿನ ಕುರ್ಚಿಯಲ್ಲಿ ಅವಳು, ಹಿಂದೆ ಊರಿನ ಹುಡುಗಿಯರು ಕಿರಿಕಿರಿ ಪ್ರಯಾಣಿಕರು. ಒಬ್ಬಳು ತಪ್ಪು ನಿಲ್ದಾಣದಲ್ಲಿ ಇಳಿಸಿದೆ ಎಂದು ಜಗಳ ಆಡುವಳು, ಒಬ್ಬಳು ಬಾಗಿಲಲ್ಲೇ ನಿಂತು ಫೋನಿನಲ್ಲಿ ಹರಟುವಳು. ಮೊದಲ ದಿನ ಡ್ರೈವರ್ ಹುಡುಗಿ ಫೋನಿನವಳಿಗೆ, ಬಾ, ಬೀಳ್ತೀಯ ಅಂದಳು. ಇಡೀ ಬಸ್ಸು ಬಿದ್ದು ಬಿದ್ದು ನಕ್ಕಿತು. ಚಳಿಗಾಲ ಮುಗಿಯುವ ಹೊತ್ತಿಗೆ ಅದೇ ಹುಡುಗಿ, ದಯವಿಟ್ಟು ಒಳಗೆ ಬನ್ನಿ, ನೀವು ಬಾಗಿಲಲ್ಲಿ ನಿಂತರೆ ನನಗೆ ಕನ್ನಡಿ ಕಾಣುವುದಿಲ್ಲ ಅನ್ನುತ್ತಿದ್ದಳು. ಅವಳನ್ನು ನೋಡಿ ಉಳಿದ ಹುಡುಗಿಯರೂ ಬರತೊಡಗಿದರು.

ಆಗ ಅಪ್ಪಂದಿರು ಬಂದರು. ತಮ್ಮ ಗಂಡುಮಕ್ಕಳು ಮೂಗು ಒರೆಸುತ್ತ ಕೂತಿದ್ದಾರೆ, ಇದನ್ನು ಕಲಿಸಲು ಈ ದೇಶಕ್ಕೆ ಕರೆತಂದೆವೇ ಎಂದು ಡ್ರೈವರ್ ಹುಡುಗಿಯ ಅಪ್ಪ ಕೇಳಿದ. ಕಮಿಟಿಯವರು ಅವರಿಗೆ ಕುರ್ಚಿ ಕೊಟ್ಟರು, ಚಹಾ ಕೊಟ್ಟರು. ಚಹಾ ಮಾಡಿದ್ದು ಯಾರೆಂದು ಹೇಳಬೇಕಾಗಿಲ್ಲ. ಎಷ್ಟೋ ವರ್ಷದಿಂದ ಒಬ್ಬರನ್ನೊಬ್ಬರು ಬೀದಿಯಲ್ಲಿ ಕಂಡರೆ ಮುಖ ತಿರುಗಿಸುತ್ತಿದ್ದ ಊರಿನ ಗಂಡಸರೂ ಹೊರಗಿನಿಂದ ಬಂದ ಗಂಡಸರೂ ಅಂದು ಮೊದಲ ಸಲ ಒಂದೇ ಮೇಜಿನ ಸುತ್ತ ಕೂತು, ಒಂದೇ ಮಾತಿಗೆ ಒಟ್ಟಾಗಿ ತಲೆಯಾಡಿಸಿದರು. ಮಗು ಹಿಡಿಯುವುದು ಹುಡುಗರ ಕೆಲಸವಲ್ಲ. ಯೋಜನೆ ಹುಟ್ಟಿದಂದಿನಿಂದ ಆಗದ ಒಳಗೊಳ್ಳುವಿಕೆ ಅರ್ಧ ಗಂಟೆಯಲ್ಲಿ ಆಗಿಹೋಯಿತು.

ಅಪ್ಪಂದಿರು ಹೋದ ಮೇಲೆ ಅಧ್ಯಕ್ಷರು ಅಕ್ಕನನ್ನು ಕೂರಿಸಿಕೊಂಡು ಸಮಾಧಾನದ ಧ್ವನಿಯಲ್ಲಿ ಹೇಳಿದರು, ಅವರ ಸಂಸ್ಕೃತಿಯೊಳಗೆ ನಾವು ಕೈ ಹಾಕಬಾರದು ಎಂದು. ಸಭೆಯಲ್ಲಿ ಅವಳು ತಮ್ಮನನ್ನು ಯಾವಾಗಲೂ ಬಹುವಚನದಲ್ಲೇ ಕರೆಯುತ್ತಿದ್ದಳು. ಅವತ್ತು ಮರೆತಳು.

"ಅವರ ಸಂಸ್ಕೃತಿ ಅಂತೀಯಲ್ಲ, ನಿನ್ನನ್ನ ಹೊತ್ತೋರು ಯಾರೋ? ನಮ್ಮ ಅಪ್ಪ ಹೊರದೇಶದಿಂದ ಬಂದಿದ್ನಾ?"

ಖಜಾಂಚಿ ಚಹಾದ ಲೋಟದೊಳಗೆ ನೋಡತೊಡಗಿದರು. ಅಧ್ಯಕ್ಷರ ಕಿವಿ ಕೆಂಪಾದವು. ಯೋಜನೆಗೆ ಹಣ ಕೊಡುವ ಸಂಸ್ಥೆಯ ಅತಿಥಿಗಳು ಬರುವ ತನಕ ಹೀಗೇ ನಡೆಯಲಿ, ಹುಡುಗಿಯರು ಕಂಡರೆ ಚೆನ್ನಾಗಿರುತ್ತದೆ, ಆಮೇಲೆ ನೋಡೋಣ ಎಂದು ಅವರು ಎದ್ದರು.

ಅತಿಥಿಗಳು ಬರುವ ದಿನ ಗೊತ್ತಾಯಿತು. ಡಿಪೋದ ಮಾತಿನ ಪರೀಕ್ಷೆಯೂ ಅದೇ ದಿನ, ಸಂಜೆ ಐದಕ್ಕೆ. ವೇದಿಕೆಯ ಮೇಲೆ ಹೀರೋ ಮಾತಾಡಬೇಕು. ಹೊಸ ನೆಲದಲ್ಲಿ ತನಗೆ ಹೇಗೆ ಜಾಗ ಸಿಕ್ಕಿತು ಎಂಬುದು ವಿಷಯ. ಕುರ್ಚಿ ಕೋಣೆಯಲ್ಲಿ ಅತಿಥಿಗಳ ತಿಂಡಿ ಇಡುವುದರಿಂದ ಅಂದು ಚಾಪೆ ಹಾಸುವಂತಿಲ್ಲ, ಮಕ್ಕಳು ಬರುವಂತಿಲ್ಲ.

ಆ ದಿನ ನಾಲ್ಕೂವರೆ ಕಳೆದು ಅಕ್ಕ ಕುರ್ಚಿ ಒರೆಸುತ್ತಿದ್ದಾಗ ಡ್ರೈವರ್ ಹುಡುಗಿ ಬಂದಳು. ಇಸ್ತ್ರಿ ಮಾಡಿದ ಅಂಗಿ, ಬಿಗಿದು ಕಟ್ಟಿದ ಕೂದಲು, ಸೊಂಟದ ಮೇಲೆ ಮಗು. ಅಧ್ಯಕ್ಷರು ನಿನ್ನೆ ತಾವೇ ಮನೆಗೆ ಬಂದಿದ್ದರಂತೆ. ಇಷ್ಟು ದೊಡ್ಡ ಮನುಷ್ಯ ಮನೆ ಬಾಗಿಲಿಗೆ ಬಂದದ್ದಕ್ಕೆ ಅಪ್ಪ ಉಬ್ಬಿಹೋದನಂತೆ. ಹುಡುಗನ ಭಾಷಣ ಬಹಳ ಮುಖ್ಯ, ಅವನಿಗೆ ಮಗುವಿನ ಗೊಡವೆ ಬೇಡ, ಹುಡುಗಿ ಇದೊಂದು ದಿನ ಮನೆಯಲ್ಲಿರಲಿ, ಪರೀಕ್ಷೆ ಮುಂದಿನ ವರ್ಷವೂ ಬರುತ್ತದಲ್ಲ ಎಂದರಂತೆ.

ಅಕ್ಕನ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. ಹೊರಗಿನಿಂದ ಬಂದವರಿಗೆ ಇಲ್ಲಿ ಹೇಗೆ ಜಾಗ ಸಿಗುತ್ತದೆಂದು ಭಾಷಣ ಮಾಡಿಸಲು ಹುಡುಗಿಯನ್ನೇ ಬಾಗಿಲಾಚೆ ನಿಲ್ಲಿಸಿ ಬಂದಿದ್ದಾನೆ ತನ್ನ ತಮ್ಮ! ಅದೂ ಹೂವಿನ ಹಾರಕ್ಕೆ, ನಾಲ್ಕು ಫೋಟೋಕ್ಕೆ! ಕೆಳಗಿಳಿಸಿದ ಕೂಡಲೇ ಅಳುತ್ತಿದ್ದವನು ಇನ್ನೂ ಯಾರದೋ ಸೊಂಟದ ಮೇಲೇ ಕೂತಿದ್ದಾನೆ, ಇಳಿದೇ ಇಲ್ಲ.

ಮಗುವನ್ನು ಹಿಡಿದುಕೊಳ್ಳಿ ಎಂದು ಹುಡುಗಿ ಕೇಳಲಿಲ್ಲ. ಅಕ್ಕನ ಎಡ ಸೊಂಟ ಮಾತ್ರ ತಾನಾಗಿಯೇ ಮುಂದಕ್ಕೆ ಬಂತು. ಎಷ್ಟು ಸುಲಭ! ಇವಳು ಮಗುವನ್ನು ಎತ್ತಿಕೊಂಡರೆ ಹುಡುಗಿ ಪರೀಕ್ಷೆಗೆ ಹೋಗುತ್ತಾಳೆ, ಹೀರೋ ಭಾಷಣ ಮಾಡುತ್ತಾನೆ, ತಮ್ಮ ಹಾರ ಹಾಕುತ್ತಾನೆ, ಎಲ್ಲರಿಗೂ ಸುಖ. ಮಗು ಒಬ್ಬ ಹೆಂಗಸಿನ ಕೈಯಿಂದ ಇನ್ನೊಬ್ಬ ಹೆಂಗಸಿನ ಕೈಗೆ ಹೋದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಎಂದೂ ಬಿದ್ದಿಲ್ಲ. ಅಕ್ಕ ಸೊಂಟವನ್ನು ಹಿಂದಕ್ಕೆಳೆದುಕೊಂಡಳು.

ಮೂಲೆಯಲ್ಲಿ ಹೀರೋ ಹೊಸ ಕೋಟು ತೊಟ್ಟು ಭಾಷಣ ಗುನುಗುತ್ತಿದ್ದ. ಅಕ್ಕ ಮಗುವನ್ನು ಅವನ ತೋಳಿಗೆ ಕೊಟ್ಟಳು, ಹಾಲಿನ ಬಾಟಲಿ ಇದ್ದ ಚೀಲವನ್ನು ಹೆಗಲಿಗೆ ತೂಗುಹಾಕಿದಳು.

"ಕೋಟು ಹಾಳಾಗುತ್ತೆ ಅಕ್ಕ. ಅಧ್ಯಕ್ಷರು ಬೈತಾರೆ."

"ಕೋಟು ಒಗೀಬಹುದು. ಅವಳ ವರ್ಷ ಒಗೆದ್ರೆ ಬರಲ್ಲ."

ಹೀರೋ ಕೀಲಿಕೈ ಅಕ್ಕನ ಮುಖ ನೋಡಿದ, ತನ್ನ ಅಕ್ಕನ ಮುಖ ನೋಡಿದ. ಅವನಿಗೆ ಸಿಟ್ಟು ಬಂದಿತ್ತು. ಆದರೆ ಮಗುವನ್ನು ವಾಪಸು ಕೊಡಲಿಲ್ಲ. ಡ್ರೈವರ್ ಹುಡುಗಿ ಒಂದು ಗಳಿಗೆ ಬಾಗಿಲಲ್ಲಿ ನಿಂತು, ಆಮೇಲೆ ಡಿಪೋದ ಕಡೆ ಓಡಿದಳು.

ಅತಿಥಿಗಳು ಬಂದರು. ಮುಖ್ಯ ಅತಿಥಿ ಒಬ್ಬ ಹೆಂಗಸು, ಬೆಳ್ಳಿ ಕೂದಲಿನವಳು, ಮಾತು ಕಡಿಮೆ. ಹೀರೋ ವೇದಿಕೆ ಹತ್ತಿದಾಗ ಅವನ ಜೊತೆ ಮಗುವೂ ಹತ್ತಿದ್ದನ್ನು ಕಂಡು ಅಧ್ಯಕ್ಷರು ಮುಂದಿನ ಸಾಲಿನಿಂದ ಹಿಂದೆ ತಿರುಗಿ, ತಗೋ ತಗೋ ಎಂದು ಅಕ್ಕನಿಗೆ ಕೈಸನ್ನೆ ಮಾಡಿದರು. ಅಕ್ಕ ಕೀಲಿಗೊಂಚಲಿನ ಮೇಲೆ ಕೈಯಿಟ್ಟು ಗೋಡೆಗೊರಗಿ ನಿಂತಳು. ಕಣ್ಣು ಕೂಡ ಮಿಟುಕಿಸಲಿಲ್ಲ.

ಹೀರೋ ಶುರುಮಾಡಿದ. ಈ ನೆಲ ನನಗೆ ಎರಡನೇ ತಾಯಿ ಎಂಬಲ್ಲಿಗೆ ಮಗು ಮೈಕು ಹಿಡಿದೆಳೆಯಿತು. ಇಲ್ಲಿ ನನಗೆ ಜಾಗ ಸಿಕ್ಕಿತು ಎಂಬಲ್ಲಿಗೆ ಅಳತೊಡಗಿತು. ಅವನು ತೂಗಿದ, ಬಲಕ್ಕೆ ಹಾಕಿದ, ಎಡಕ್ಕೆ ಹಾಕಿದ, ಬಾಟಲಿಯನ್ನು ತಲೆಕೆಳಗಾಗಿ ಹಿಡಿದ. ಹುಡುಗರು ನಗತೊಡಗಿದರು. ಊರನ್ನೆಲ್ಲ ನಗಿಸುತ್ತಿದ್ದವನು ಬೆವೆತು ನಿಂತ. ಬೆಳ್ಳಿ ಕೂದಲಿನವಳು ಕೂತಲ್ಲಿಂದಲೇ, ಇವನನ್ನು ಯಾವಾಗಲೂ ನೋಡಿಕೊಳ್ಳುವವರು ಯಾರು ಎಂದು ಕೇಳಿದಳು.

"ನಮ್ಮಕ್ಕ," ಅಂದ ಹೀರೋ. "ಪರೀಕ್ಷೆಗೆ ಹೋಗಿದ್ದಾಳೆ."

ಮುಂದಿನ ಸಾಲುಗಳು ಬಾಯಿಪಾಠದಲ್ಲಿದ್ದವು. ಅವನು ಅವನ್ನು ಹೇಳಲಿಲ್ಲ. ಮಗುವಿನ ಬೆನ್ನು ತಟ್ಟಿದ.

"ನಾನು ಇಲ್ಲಿಗೆ ಬಂದು ಆಡ್ತಿದ್ದಾಗೆಲ್ಲ ಇವನು ಅವಳ ಹತ್ರ ಇದ್ದ. ಇವನು ಇಷ್ಟು ಭಾರ ಅಂತ ನಂಗೆ ಗೊತ್ತಿರಲಿಲ್ಲ."

ಚಪ್ಪಾಳೆ ಬರಲಿಲ್ಲ. ಹೀರೋ ಕೆಳಗಿಳಿದು, ಚೀಲದಲ್ಲಿ ಒಣ ಬಟ್ಟೆ ಹುಡುಕಲು ಎರಡೂ ಕೈ ಬೇಕಾಗಿ, ಹತ್ತಿರದಲ್ಲಿ ಕೂತಿದ್ದವರ ಮಡಿಲಲ್ಲಿ ಮಗುವನ್ನು ಇಳಿಸಿದ. ಹತ್ತಿರ ಕೂತಿದ್ದವರು ಅಧ್ಯಕ್ಷರು. ಅವರು ಬಿಸಿ ಪಾತ್ರೆ ಹಿಡಿದವರಂತೆ ಎರಡೂ ತೋಳು ಚಾಚಿ, ಮಗುವನ್ನು ಮೈಯಿಂದ ದೂರ ಹಿಡಿದರು. ಅವರ ಕಣ್ಣು ಕೋಣೆಯಲ್ಲೆಲ್ಲ ಹುಡುಕಿತು. ಕಂಡ ಹೆಂಗಸರಲ್ಲಿ ಒಬ್ಬಳೂ ಏಳಲಿಲ್ಲ. ಮಗು ಇನ್ನೂ ಜೋರಾಗಿ ಅತ್ತಿತು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಡ್ರೈವರ್ ಹುಡುಗಿ ಏದುಸಿರು ಬಿಡುತ್ತ ಒಳಗೆ ಬಂದಳು. ಪರೀಕ್ಷೆ ಹೇಗಾಯಿತು ಎಂದು ಅಕ್ಕ ಹುಬ್ಬಿನಲ್ಲೇ ಕೇಳಿದಳು. ಹುಡುಗಿ ಹೆಬ್ಬೆರಳೆತ್ತಿದಳು. ಅವಳ ಆಯ್ಕೆಯ ಸುದ್ದಿ ಬಂದದ್ದು ಆಮೇಲೆ. ಆ ಹೊತ್ತಿಗೆ ಅಧ್ಯಕ್ಷನಾದ ತಮ್ಮನು ಕೀಲಿಕೈ ಅಕ್ಕನ ಕೈಯಿಂದ ಬೀಗದ ಕೈಗಳನ್ನು ಕಿತ್ತುಕೊಳ್ಳಲು ನೋಡಿ, ಬೆಳ್ಳಿ ಕೂದಲಿನವಳು ಮುಂದಿನ ಸಲ ಬರುವಾಗಲೂ ಇವಳೇ ಇರಬೇಕು ಅಂದದ್ದರಿಂದ ಸುಮ್ಮನಾಗಿದ್ದ. ಅಕ್ಕನೊಂದಿಗೆ ಮಾತು ಬಿಟ್ಟಿದ್ದ.

ಆದರೆ ಆ ಸಂಜೆ ಅದ್ಯಾವುದೂ ಯಾರಿಗೂ ಗೊತ್ತಿರಲಿಲ್ಲ. ಮಗು ಬಾಗಿಲ ಕಡೆ ತಿರುಗಿ ಎರಡೂ ಕೈ ಚಾಚಿತು. ಕೋಣೆಗೆ ಕೋಣೆಯೇ ಉಸಿರು ಬಿಟ್ಟಿತು. ಕಮಿಟಿಯವರು, ಅಪ್ಪಂದಿರು, ಊರಿನವರು, ಹೊರಗಿನವರು, ಎಲ್ಲರ ಮುಖದಲ್ಲೂ ಅಬ್ಬಾ, ಬಂದಳಲ್ಲ ಎಂಬ ನಿರಾಳ. ಅಧ್ಯಕ್ಷರು ಮಗುವನ್ನು ಇನ್ನಷ್ಟು ಮುಂದಕ್ಕೆ ಹಿಡಿದರು.

ಹುಡುಗಿ ಮಗುವನ್ನು ನೋಡಿ ನಕ್ಕಳು. ಗೋಡೆಯ ಪಕ್ಕದ ಖಾಲಿ ಕುರ್ಚಿಯನ್ನು ಎಳೆದುಕೊಂಡಳು.

"ಈಗ ತಾನೇ ಓಡಿ ಬಂದಿದೀನಿ ಸಾರ್," ಅಂದಳು, ತಡವರಿಸದೆ. "ದಯವಿಟ್ಟು ನೀವೇ ಸ್ವಲ್ಪ ಹಿಡ್ಕೊಳ್ಳಿ. ನಾನು ಕೂತ್ಕೋತೀನಿ."

ಕೂತಳು.